ಅಪ್ಪನ ಮನೆ ಮಾರಬೇಕು, ಎಂಟು ತಿಂಗಳಾಯಿತು: ಬಣ್ಣ ಹೊಡೆಸಲೋ, ಹಾಗೇ ಬಿಡಲೋ?

ಸಂಪಿಗೆಮರ:
ಎಲ್ಲರಿಗೂ ನಮಸ್ಕಾರ. ಮೈಸೂರಿನ ಕುವೆಂಪುನಗರದಲ್ಲಿ ನಮ್ಮಪ್ಪ ಕಟ್ಟಿಸಿದ ಮನೆ ಇದೆ. 40-60 ಸೈಟು, 1989ರಲ್ಲಿ ಗೃಹಪ್ರವೇಶ ಆಗಿದ್ದು. ದಕ್ಷಿಣದ ಬಾಗಿಲು. ಕೆಳಗೆ ಎರಡು ರೂಮು, ಹಾಲ್, ದೇವರ ಮನೆ, ಅಡುಗೆಮನೆ, ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು, ಒಂದು ಸಂಪಿಗೆ ಮರ. ನೆಲ ಪೂರ್ತಿ ರೆಡ್ ಆಕ್ಸೈಡ್. ಮೇಲೆ 2003ರಲ್ಲಿ ಒಂದು ಪೋರ್ಷನ್ ಹಾಕಿಸಿದರು, ಅದು ಬಾಡಿಗೆಗೆ ಇದೆ. ಅಪ್ಪ ಹೋಗಿ ನಾಲ್ಕು ವರ್ಷ. ಅಮ್ಮ ಈಗ ಬೆಂಗಳೂರಿನಲ್ಲಿ ನನ್ನ ಜೊತೆ ಇದ್ದಾರೆ. ತಮ್ಮ ಅಮೆರಿಕದಲ್ಲಿ, ತಂಗಿ ಹಾಸನದಲ್ಲಿ. ನಾಲ್ಕೂ ಜನ ಒಪ್ಪಿಯೇ ಮಾರಲು ಹೊರಟಿದ್ದೇವೆ, ಜಗಳ ಏನೂ ಇಲ್ಲ.

ಎಂಟು ತಿಂಗಳಲ್ಲಿ ಮೂವತ್ತು ಜನರಾದರೂ ಬಂದು ನೋಡಿದ್ದಾರೆ. ಒಂದು ಸುತ್ತು ಹಾಕುತ್ತಾರೆ, "ಮನೇಲಿ ಮಾತಾಡಿ ಹೇಳ್ತೀವಿ" ಅನ್ನುತ್ತಾರೆ, ಅಷ್ಟೇ. ಮತ್ತೆ ಫೋನ್ ಇಲ್ಲ. ಯಾಕೆ ಬೇಡ ಅಂತಲೂ ಯಾರೂ ಹೇಳುವುದಿಲ್ಲ. ಮನೆ ಹಳೇದಾಗಿ ಕಾಣುತ್ತಿದೆ, ಒಳಗೆ ಹೊರಗೆ ಬಣ್ಣ ಹೊಡೆಸಿ, ನೆಲಕ್ಕೆ ಟೈಲ್ಸ್ ಹಾಕಿಸಿ, ಅಡುಗೆಮನೆ ಹೊಸದು ಮಾಡಿಸಿದರೆ ಬೇಗ ಹೋಗುತ್ತದೆ ಅಂತ ಒಬ್ಬರು ಹೇಳಿದರು. ಎಲ್ಲ ಸೇರಿ 9 ಲಕ್ಷದ ಅಂದಾಜು ಕೊಟ್ಟಿದ್ದಾರೆ. ಅಷ್ಟು ಹಾಕಿದರೆ ವಾಪಸ್ ಬರುತ್ತದಾ? ಮಾರಿದ ಅನುಭವ ಇರುವವರು ದಯವಿಟ್ಟು ಹೇಳಿ. ಅಮ್ಮನಿಗೆ 74. ಅವರು ಓಡಾಡುವಾಗಲೇ ಇದನ್ನು ಮುಗಿಸಬೇಕು ಅಂತ ನನ್ನ ಆಸೆ.

ಹೆಂಚಿನಮನೆ:
ಅಕ್ಕ, 9 ಲಕ್ಷ ಹಾಕಬೇಡಿ. ನಾವು ಸಾಗರದ ಹತ್ತಿರದ ನಮ್ಮ ಮನೆ ಮಾರುವಾಗ ಇದೇ ತಪ್ಪು ಮಾಡಿದೆವು. ಹಾಲ್‌ಗೆ ಹೊಳೆಯುವ ಟೈಲ್ಸ್ ಹಾಕಿಸಿದೆವು. ಕೊಂಡವರು ಮೊದಲು ಮಾಡಿದ ಕೆಲಸ ಅಂದರೆ ಅದನ್ನು ಕೀಳಿಸಿದ್ದು. ಅವರಿಗೆ ಬೇಕಾಗಿದ್ದ ಬಣ್ಣವೇ ಬೇರೆ. ನಮ್ಮ ದುಡ್ಡೂ ಹೋಯಿತು, ಅವರಿಗೆ ಕೀಳಿಸುವ ಖರ್ಚೂ ಬಂತು.

ಬಣ್ಣದಕೆಲಸ:
ಮೇಡಂ, ನಾನು ಮೈಸೂರಿನಲ್ಲೇ ಪೇಂಟಿಂಗ್ ಕಂಟ್ರಾಕ್ಟ್ ಮಾಡುತ್ತೇನೆ. ಬಣ್ಣ ಹೊಡೆಸಿ ಅಂದರೆ ನನಗೇ ಲಾಭ, ಆದರೂ ಇದ್ದದ್ದು ಹೇಳುತ್ತೇನೆ. ಮೊದಲು ಗೋಡೆಗಳನ್ನು ಒಮ್ಮೆ ಕೈಯಿಂದ ಮುಟ್ಟಿ ನೋಡಿ. ಕಣ್ಣಲ್ಲಿ ನೋಡಿದರೆ ಸಾಲದು. ಬಚ್ಚಲು ಮನೆಯ ಗೋಡೆಯ ಆಚೆ ಬದಿ ಯಾವ ರೂಮಿಗೆ ಬರುತ್ತದೋ ಅಲ್ಲಿ, ನೆಲದಿಂದ ಎರಡು ಮೂರು ಅಡಿ ಎತ್ತರದ ತನಕ. ಉಗುರಿನಲ್ಲಿ ಕೆರೆದರೆ ಬಿಳಿ ಪುಡಿ ಉದುರುತ್ತದಾ? ಹಾಗಿದ್ದರೆ ಅದು ಉಪ್ಪು ಒಡೆದಿರುವುದು. ಒಳಗೆ ನೀರು ಓಡಾಡುತ್ತಿದೆ. ಅದರ ಮೇಲೆ ಪುಟ್ಟಿ, ಪ್ರೈಮರ್, ಎರಡು ಕೋಟು ಎಮಲ್ಷನ್ ಏನು ಹಾಕಿದರೂ ಒಂದು ಮಳೆಗಾಲಕ್ಕೆ ಗುಳ್ಳೆ ಏಳುತ್ತದೆ. ಮನೆ ಕೊಳ್ಳಲು ಬರುವವರು ಈಗ ತುಂಬಾ ಹುಷಾರು, ಇಡೀ ಮನೆಯಲ್ಲಿ ಒಂದೇ ಗೋಡೆಗೆ ಹೊಸ ಬಣ್ಣ ಕಂಡರೆ ಅಲ್ಲೇ ಹೋಗಿ ನಿಲ್ಲುತ್ತಾರೆ.

ತಾರಸಿ ಮೇಲೆ ಮಳೆನೀರಿನ ಪೈಪಿನ ಬಾಯಿ ನೋಡಿ. ಸಂಪಿಗೆ ಮರ ಇದೆ ಅಂದಿರಿ, ಎಲೆ ಬಿದ್ದು ಕಟ್ಟಿಕೊಂಡಿರುತ್ತದೆ, ಖಂಡಿತ. ಪೈಪಿನ ಬಾಯಿ ಮುಚ್ಚಿ ತಾರಸಿ ಮೇಲೆ ಎರಡು ಇಂಚು ನೀರು ನಿಲ್ಲಿಸಿ ಎರಡು ದಿನ ಬಿಡಿ. ಕೆಳಗೆ ಎಲ್ಲಿ ತೇವ ಕಾಣುತ್ತದೋ ಗುರುತು ಹಾಕಿಕೊಳ್ಳಿ. ಸೋರಿಕೆ ನಿಲ್ಲಿಸಿದ ಮೇಲೆ ಗೋಡೆ ಒಣಗಲು ತಿಂಗಳಾದರೂ ಬಿಡಬೇಕು. ಆಮೇಲೆ ಬೇಕಿದ್ದರೆ ಹೊರಗೆ ಮುಂದಿನ ಮುಖಕ್ಕೆ ಮತ್ತು ಕಾಂಪೌಂಡಿಗೆ ಮಾತ್ರ ಬಣ್ಣ, ಗೇಟು ಮತ್ತು ಕಿಟಕಿ ಸರಳುಗಳಿಗೆ ಎನಾಮೆಲ್. ಒಳಗೆ ಇದ್ದ ಬಣ್ಣವನ್ನೇ ಒರೆಸಿ ಶುಚಿ ಮಾಡಿದರೆ ಸಾಕು.

ಇನ್ನೊಂದು ಮಾತು. ರೆಡ್ ಆಕ್ಸೈಡ್ ನೆಲವನ್ನು ದಯವಿಟ್ಟು ಮುಚ್ಚಬೇಡಿ. ಈಗ ಅದನ್ನು ಚೆನ್ನಾಗಿ ಹಾಕುವ ಗಾರೆಯವರೇ ಕಡಿಮೆ. ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಹಳೇ ಹತ್ತಿ ಬಟ್ಟೆಯಲ್ಲಿ ತೆಳ್ಳಗೆ ಕೊಬ್ಬರಿ ಎಣ್ಣೆ ಉಜ್ಜಿ, ಮಾರನೇ ದಿನ ಒಣ ಬಟ್ಟೆಯಲ್ಲಿ ಮತ್ತೆ ಉಜ್ಜಿಸಿ. ಎಣ್ಣೆ ಜಾಸ್ತಿ ಆದರೆ ಜಾರುತ್ತದೆ, ಧೂಳೂ ಹಿಡಿಯುತ್ತದೆ. ಅಷ್ಟು ಮಾಡಿ ಬೆಳಿಗ್ಗೆ ಕಿಟಕಿ ತೆರೆದು ನೋಡಿ.

ಮಧ್ಯವರ್ತಿ22:
ನಾನು 22 ವರ್ಷದಿಂದ ಮನೆ, ಸೈಟು ಮಾರಿಸುವ ಕೆಲಸದಲ್ಲಿ ಇದ್ದೇನೆ. ಮೇಲಿನ ಇಬ್ಬರೂ ಸರಿ ಹೇಳಿದ್ದಾರೆ, ಆದರೆ ಅದಕ್ಕಿಂತ ಮೊದಲಿನ ಪ್ರಶ್ನೆ ಒಂದಿದೆ. ಮೇಡಂ, ನೀವು ಮಾರುತ್ತಿರುವುದು ಮನೆಯನ್ನೋ ಸೈಟನ್ನೋ? ಇದನ್ನು ನೀವು ಮೊದಲು ತೀರ್ಮಾನ ಮಾಡಬೇಕು.

ಕುವೆಂಪುನಗರ, ಸರಸ್ವತಿಪುರಂ, ಜಯಲಕ್ಷ್ಮೀಪುರಂ ಇಂಥ ಹಳೇ ಬಡಾವಣೆಯಲ್ಲಿ 40-60ರ ಹಳೇ ಮನೆಗೆ ಎರಡು ಥರದ ಜನ ಬರುತ್ತಾರೆ. ಒಂದು, ಒಡೆದು ಹೊಸದಾಗಿ ಕಟ್ಟುವವರು. ಅವರು 2400 ಅಡಿಗೆ ಅಲ್ಲಿನ ಸೈಟಿನ ದರ ಗುಣಿಸುತ್ತಾರೆ, ಕಟ್ಟಡಕ್ಕೆ ಸೊನ್ನೆ ಹಾಕುತ್ತಾರೆ, ಕೆಲವರು ಒಡೆಸುವ ಖರ್ಚನ್ನೂ ಕಳೆಯುತ್ತಾರೆ. ಅವರಿಗೆ ನಿಮ್ಮ ಟೈಲ್ಸ್ ಜೆಸಿಬಿ ಕೆಳಗೆ ಹೋಗುವ ದುಡ್ಡು. ಅವರು ನೋಡುವುದು ರಸ್ತೆ ಎಷ್ಟು ಅಗಲ, ಅಕ್ಕಪಕ್ಕ ಏನಿದೆ, ದಾಖಲೆ ಶುದ್ಧ ಇದೆಯಾ, ಬಾಡಿಗೆದಾರ ಬಿಡುತ್ತಾನಾ, ಇಷ್ಟೇ. ಎರಡನೆಯವರು, ಬಂದು ವಾಸ ಮಾಡುವವರು. ಸಂಖ್ಯೆ ಕಡಿಮೆ, ಆದರೆ ಇದ್ದಾರೆ. ರಿಟೈರ್ ಆದವರು, ಮೆಟ್ಟಿಲು ಹತ್ತಲಾರದವರು, ಅಪಾರ್ಟ್‌ಮೆಂಟ್ ಬೇಡ ಅನ್ನುವವರು. ಅವರಿಗೆ ಬೇಕಾದದ್ದು ನೀರು, ಗಾಳಿ, ಬೆಳಕು, ಸೋರದ ಛಾವಣಿ. ಹೊಳಪು ಅವರಿಗೂ ಬೇಡ.

ಇಬ್ಬರಲ್ಲಿ ಯಾರಿಗೂ 9 ಲಕ್ಷದ ಕೆಲಸ ಬೇಡ. ಇಬ್ಬರಿಗೂ ಬೇಕಾಗಿರುವುದು ಕಾಗದ. ನಿಮ್ಮ ಖಾತೆ, ಅಂದರೆ ಪಾಲಿಕೆಯ ಕಂದಾಯ ದಾಖಲೆ, ಈಗ ಯಾರ ಹೆಸರಿನಲ್ಲಿದೆ?

ಸಂಪಿಗೆಮರ:
ಅಪ್ಪನ ಹೆಸರಿನಲ್ಲೇ ಇದೆ ಸರ್. ಮಾರುವಾಗ ಎಲ್ಲ ಒಟ್ಟಿಗೆ ಮಾಡಿದರಾಯಿತು ಅಂತ ಬಿಟ್ಟಿದ್ದೆವು. ಬಂದವರು ಕೇಳಿದರೆ "ಎಲ್ಲ ಕ್ಲಿಯರ್ ಇದೆ" ಅಂತ ಹೇಳುತ್ತಿದ್ದೆ.

ಹುಡುಕಾಟ:
ಅಲ್ಲೇ ಇದೆ ನೋಡಿ ನಿಮ್ಮ ಉತ್ತರ. ನಾನು ಕೊಳ್ಳುವ ಕಡೆಯವಳು. ನಾನೂ ನಮ್ಮ ಯಜಮಾನರೂ ಎರಡು ವರ್ಷದಲ್ಲಿ ನಲವತ್ತಕ್ಕೂ ಜಾಸ್ತಿ ಮನೆ ನೋಡಿದೆವು. "ಎಲ್ಲ ಕ್ಲಿಯರ್ ಇದೆ" ಅಂತ ಬಾಯಿಮಾತಲ್ಲಿ ಹೇಳಿ, ಜೆರಾಕ್ಸ್ ಕೇಳಿದರೆ "ಅಡ್ವಾನ್ಸ್ ಕೊಟ್ಟ ಮೇಲೆ" ಅನ್ನುವ ಮನೆಗೆ ನಾವು ಎರಡನೇ ಸಲ ಹೋಗಲಿಲ್ಲ. ಯಾಕೆ ಬೇಡ ಅಂತ ಫೋನ್ ಮಾಡಿ ಹೇಳಲು ಮುಜುಗರ, ಅದಕ್ಕೇ ಸುಮ್ನೆ ಆಗಿಬಿಡುತ್ತೇವೆ. ನಿಮ್ಮ ಮೂವತ್ತು ಜನರೂ ಹಾಗೇ ಇರಬಹುದು.

ನಾವು ಕೊನೆಗೆ ಕೊಂಡ ಮನೆಯ ಕಥೆ ಹೇಳುತ್ತೇನೆ. ಪ್ರತಿ ಮನೆಯಲ್ಲೂ ನಾನು ಕೇಳುತ್ತಿದ್ದ ಪ್ರಶ್ನೆ, "ಮಳೆಗಾಲದಲ್ಲಿ ಎಲ್ಲಿ ನೀರು ಬರುತ್ತೆ?" ಎಲ್ಲರೂ ಎಲ್ಲೂ ಇಲ್ಲ ಅನ್ನುತ್ತಿದ್ದರು. ಒಂದು ಮನೆಯಲ್ಲಿ ಹಾಗೆ ಹೇಳುತ್ತಿರುವಾಗಲೇ ಫ್ಯಾನ್ ಗಾಳಿಗೆ ಕ್ಯಾಲೆಂಡರ್ ಹಾರಿ ಹಿಂದೆ ಒಂದು ತಟ್ಟೆಯಷ್ಟು ಕಂದು ಕಲೆ ಕಾಣಿಸಿತು. ನಾವು ಕೊಂಡ ಮನೆಯ ಯಜಮಾನರು ಮಾತ್ರ ನಮ್ಮನ್ನು ನೇರ ಹಿಂದಿನ ರೂಮಿಗೆ ಕರೆದುಕೊಂಡು ಹೋಗಿ, "ಇಲ್ಲಿ ಸೋರುತ್ತೆ ತಾಯಿ. ಪ್ಯಾರಾಪೆಟ್ ಬಿರುಕು ಬಿಟ್ಟಿದೆ. ಗಾರೆಯವನು 18 ಸಾವಿರ ಕೇಳಿದ್ದಾನೆ, ನನ್ನ ಕೈಲಿ ಈಗ ಮಾಡ್ಸೋಕೆ ಆಗಲ್ಲ" ಅಂತ ಹೇಳಿ ಆ ಚೀಟಿ ತೋರಿಸಿದರು. ಆಮೇಲೆ ಅವರು ಹೇಳಿದ್ದನ್ನೆಲ್ಲ ನಾವು ನಂಬಿದೆವು.

ಪತ್ರಬರಹ:
ಅಮ್ಮಾ, ಮಂಡ್ಯ ಕಡೆ ಮೂವತ್ತು ವರ್ಷ ಕ್ರಯಪತ್ರ ಬರೆದವನು ನಾನು. ನಿಮ್ಮ ಮನೆ ದಾಖಲೆ ಹೇಗೆ ಜೋಡಿಸಬೇಕು ಅಂತ ಹೇಳುತ್ತೇನೆ, ನಿಧಾನವಾಗಿ ಓದಿಕೊಳ್ಳಿ.

ನಿಮ್ಮ ತಂದೆಯವರ ಸೈಟು ಸಿ.ಐ.ಟಿ.ಬಿ. ಕಾಲದ್ದಾಗಿರಬೇಕು, ಅಂದರೆ ಆಗ ಮೈಸೂರಿನಲ್ಲಿ ಸೈಟು ಹಂಚುತ್ತಿದ್ದ ಮಂಡಳಿ, ಆಮೇಲೆ ಅದೇ ಮುಡಾ (ನಗರಾಭಿವೃದ್ಧಿ ಪ್ರಾಧಿಕಾರ) ಆಯಿತು. ಹಂಚಿಕೆ ಪತ್ರ, ಸ್ವಾಧೀನ ಪತ್ರ, ಲೀಸ್ ಕಂ ಸೇಲ್ ಕರಾರು (ಮೊದಲು ಗುತ್ತಿಗೆ, ಆಮೇಲೆ ಕ್ರಯ ಅನ್ನುವ ಒಪ್ಪಂದ) ಇವೆಲ್ಲ ಇದ್ದರೆ ಒಳ್ಳೆಯದು, ಆದರೆ ಮುಖ್ಯವಾಗಿ ಅದರ ಮೇಲೆ ಆಗಿರುವ ನೋಂದಾಯಿತ ಕ್ರಯಪತ್ರ ಬೇಕು. ಎಷ್ಟೋ ಮನೆಗಳಲ್ಲಿ ಲೀಸ್ ಕರಾರೇ ಇರುತ್ತದೆ, ಕ್ರಯಪತ್ರ ಮಾಡಿಸಿಕೊಳ್ಳದೇ ಬಿಟ್ಟಿರುತ್ತಾರೆ. ಬೀರು ತೆಗೆದು ಇವತ್ತೇ ನೋಡಿ.

ತಂದೆಯವರು ಉಯಿಲು ಬರೆದಿಲ್ಲ ಅಂದರೆ, ಅವರ ಸ್ವಯಾರ್ಜಿತ ಮನೆಯಲ್ಲಿ ನಿಮ್ಮ ತಾಯಿ, ನೀವು, ತಮ್ಮ, ತಂಗಿ ನಾಲ್ವರಿಗೂ ಸಮ ಪಾಲು. ಹೆಣ್ಣುಮಕ್ಕಳು ಮದುವೆಯಾಗಿ ಹೋಗಿದ್ದಾರೆ ಅನ್ನುವುದೆಲ್ಲ ಲೆಕ್ಕಕ್ಕಿಲ್ಲ. ತಂದೆಯವರು ತೀರಿಕೊಂಡ ದಿನ ಅವರ ತಾಯಿ ಬದುಕಿದ್ದರಾ? ಇದ್ದರೆ ಅವರಿಗೂ ಒಂದು ಪಾಲು, ಇದನ್ನು ತುಂಬಾ ಜನ ಮರೆಯುತ್ತಾರೆ. ಮರಣ ಪ್ರಮಾಣಪತ್ರ ಇಟ್ಟುಕೊಂಡು ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಿ. ಅದರ ಮೇಲೆ ಪಾಲಿಕೆಯಲ್ಲಿ ಖಾತೆ ವಾರಸುದಾರರ ಹೆಸರಿಗೆ ಬದಲಾಯಿಸಿ, ಇ-ಖಾತೆ (ಖಾತೆಯ ಆನ್‌ಲೈನ್ ರೂಪ) ತೆಗೆಸಿ. 2024ರ ಅಕ್ಟೋಬರಿನಿಂದ ಇ-ಖಾತೆ ಇಲ್ಲದೆ ನಮ್ಮ ರಾಜ್ಯದ ಪಟ್ಟಣಗಳಲ್ಲಿ ಕ್ರಯ ನೋಂದಣಿ ಆಗುವುದಿಲ್ಲ. ಹಾಗಾಗಿ "ಮಾರುವಾಗ ಒಟ್ಟಿಗೆ" ಅನ್ನುವುದು ಈಗ ನಡೆಯುವುದಿಲ್ಲ. ಬಂದವರು ಅಡ್ವಾನ್ಸ್ ಹಿಡಿದು ತಿಂಗಳುಗಟ್ಟಲೆ ಕಾಯಬೇಕು, ಯಾರು ಕಾಯುತ್ತಾರೆ?

ಇ.ಸಿ., ಅಂದರೆ ಆಸ್ತಿಯ ಮೇಲಿನ ಋಣಭಾರ ಪ್ರಮಾಣಪತ್ರ, ಎರಡು ಭಾಗವಾಗಿ ತೆಗೆಸಿ. 2004ರಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುತ್ತದೆ. ಹಿಂದಿನದಕ್ಕೆ ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ಹುಡುಕಿಸಬೇಕು. ಏನೂ ವ್ಯವಹಾರ ಇಲ್ಲದ ಅವಧಿಗೆ ಫಾರಂ 16 ಬರುತ್ತದೆ, ವ್ಯವಹಾರ ಇದ್ದರೆ ಫಾರಂ 15. ಮನೆ ಕಟ್ಟುವಾಗ ತಂದೆಯವರು ಸಾಲ ಮಾಡಿದ್ದರೆ ಅಡಮಾನ ಅದರಲ್ಲಿ ಕಾಣುತ್ತದೆ. ತೀರಿಸಿದ್ದರೂ ರದ್ದು ಮಾಡಿಸಿರುವುದಿಲ್ಲ, ಅದನ್ನು ಸರಿ ಮಾಡಿಸಿ.

ಡೆಟ್ರಾಯ್ಟ್‌ಕನ್ನಡಿಗ:
ನಿಮ್ಮ ತಮ್ಮನ ಜಾಗದಲ್ಲಿ ನಾನು ಇದ್ದವನು, ಅದಕ್ಕೇ ಬರೆಯುತ್ತಿದ್ದೇನೆ. ಎರಡು ವಿಷಯ. ಒಂದು, ಅವರು ಬರಲು ಆಗದಿದ್ದರೆ ಜಿಪಿಎ (ಅವರ ಪರವಾಗಿ ಸಹಿ ಹಾಕುವ ಅಧಿಕಾರ ಪತ್ರ) ಬೇಕು. ಇಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿ ಕಳಿಸಿದ ಜಿಪಿಎಗೆ ಊರಿಗೆ ತಲುಪಿದ ಮೂರು ತಿಂಗಳೊಳಗೆ ಅಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ನನ್ನ ಅಕ್ಕ ಅದನ್ನು ಬೀರುವಿನಲ್ಲಿ ಇಟ್ಟು ಮರೆತರು. ಮತ್ತೆ ಮೊದಲಿಂದ ಮಾಡಬೇಕಾಯಿತು, ಅಷ್ಟರಲ್ಲಿ ಕೊಳ್ಳುವವರು ಬೇರೆ ಮನೆ ನೋಡಿಕೊಂಡರು.

ಎರಡು, ತೆರಿಗೆ. ಒಟ್ಟು ಬೆಲೆ 50 ಲಕ್ಷ ಮುಟ್ಟಿದರೆ ಊರಲ್ಲಿರುವವರ ಪಾಲಿಗೆ ಕೊಳ್ಳುವವರು 1 ಪರ್ಸೆಂಟ್ ಟಿಡಿಎಸ್ (ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುತ್ತಾರೆ, ಅಷ್ಟೇ. ಹೊರದೇಶದಲ್ಲಿ ಇರುವವರ ಪಾಲಿಗೆ ಈ 1 ಪರ್ಸೆಂಟ್ ನಡೆಯುವುದಿಲ್ಲ, ತುಂಬಾ ಜಾಸ್ತಿ ಹಿಡಿಯಬೇಕಾಗುತ್ತದೆ. ಆದಾಯ ತೆರಿಗೆ ಇಲಾಖೆಗೆ ಅರ್ಜಿ ಹಾಕಿ ಕಡಿಮೆ ಹಿಡಿಯಲು ಪ್ರಮಾಣಪತ್ರ ತರಬಹುದು. ಇದಕ್ಕೆ ವಾರಗಟ್ಟಲೆ ಬೇಕು. ಕೊಳ್ಳುವವರಿಗೆ ಇದನ್ನು ಮೊದಲೇ ಹೇಳಿಬಿಡಿ. ಕೊನೇ ವಾರದಲ್ಲಿ ಗೊತ್ತಾದರೆ ಅವರು ಹೆದರುತ್ತಾರೆ, ಹೆದರುವುದು ನ್ಯಾಯವೇ. ಅವರು ಕಡಿಮೆ ಹಿಡಿದರೆ ಇಲಾಖೆ ಅವರನ್ನೇ ಕೇಳುತ್ತದೆ.

ಸಂಪಿಗೆಮರ:
ಇಷ್ಟೆಲ್ಲ ಬರೆದಿರಿ, ಓದುತ್ತಾ ಕಣ್ಣು ತುಂಬಿತು. ತಮ್ಮನಿಗೆ ಈಗಲೇ ಕಳಿಸುತ್ತೇನೆ. ಅಜ್ಜಿ ಅಪ್ಪನಿಗಿಂತ ಮೊದಲೇ ಹೋಗಿದ್ದರು. ಕ್ರಯಪತ್ರ ಇದೆ, 1996ರದ್ದು. ಮನೆ ಕಟ್ಟುವಾಗ ಅಪ್ಪ ಆಫೀಸಿನಿಂದ ಸಾಲ ತೆಗೆದಿದ್ದರು, ಅದರ ರದ್ದು ಪತ್ರ ಕಾಣುತ್ತಿಲ್ಲ. ಮೇಲಿನ ಪೋರ್ಷನ್ನಿಗೆ ನಕ್ಷೆ ಮಾಡಿಸಿದ ನೆನಪು ಅಮ್ಮನಿಗೆ ಇಲ್ಲ. ಇದು ತೊಂದರೆ ಆಗುತ್ತದಾ?

ಪತ್ರಬರಹ:
ನಕ್ಷೆ ಇಲ್ಲ ಅಂತ ಮಾರಾಟ ನಿಲ್ಲುವುದಿಲ್ಲ. ಆದರೆ ಬ್ಯಾಂಕಿನ ಇಂಜಿನಿಯರು ಬಂದಾಗ ಕೆಳಗಿನ ಮನೆಗೆ ಮಾತ್ರ ಬೆಲೆ ಹಾಕುವ ಸಾಧ್ಯತೆ ಇದೆ. ಮೊದಲೇ ಹೇಳಿ. ಕೆಳಗಿನ ಮನೆಯ ನಕ್ಷೆ ಕಳೆದಿದ್ದರೆ ಮಂಜೂರು ಮಾಡಿದ ಕಚೇರಿಯಿಂದ ದೃಢೀಕೃತ ನಕಲು ಕೇಳಿ. ಕಂದಾಯ ಮೇಲಿನ ಪೋರ್ಷನ್ ಸೇರಿಸಿ ಕಟ್ಟುತ್ತಿದ್ದೀರಾ ಅಂತಲೂ ನೋಡಿಕೊಳ್ಳಿ.

ಮಧ್ಯವರ್ತಿ22:
ಬ್ಯಾಂಕಿನ ಮಾತು ಬಂತಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಾರುವವರು ಇದನ್ನು ಯೋಚನೆಯೇ ಮಾಡುವುದಿಲ್ಲ. 75 ಲಕ್ಷ ದಾಟಿದ ಸಾಲಕ್ಕೆ ಬ್ಯಾಂಕು ಮನೆ ಬೆಲೆಯ 75 ಪರ್ಸೆಂಟ್ ತನಕ ಮಾತ್ರ ಕೊಡಬಹುದು, ರಿಸರ್ವ್ ಬ್ಯಾಂಕಿನ ನಿಯಮ ಅದು. ಉಳಿದ ಕಾಲು ಭಾಗ ಕೊಳ್ಳುವವರು ಕೈಯಿಂದ ತರಬೇಕು. ಅದರ ಮೇಲೆ ನೋಂದಣಿ. ಮುದ್ರಾಂಕ ಶುಲ್ಕ 5 ಪರ್ಸೆಂಟ್, ಅದರ ಮೇಲಿನ ಸೆಸ್ಸು ಸರ್ಚಾರ್ಜು ಸೇರಿ 5.6. ನೋಂದಣಿ ಶುಲ್ಕ 1 ಇದ್ದದ್ದು 2025ರ ಆಗಸ್ಟ್ ಕೊನೆಯಿಂದ 2 ಆಗಿದೆ. ಒಟ್ಟು 7.6 ಪರ್ಸೆಂಟ್. ಒಂದು ಕೋಟಿಗೆ 7 ಲಕ್ಷದ 60 ಸಾವಿರ. ಇದಕ್ಕೆ ಸಾಲ ಸಿಗುವುದಿಲ್ಲ. ಹಾಗಾಗಿ ನಿಮ್ಮ ಮನೆ ಇಷ್ಟಪಟ್ಟವರು ಸುಮ್ಮನಾದರೆ ಅವರಿಗೆ ಮನೆ ಹಿಡಿಸಲಿಲ್ಲ ಅಂತಲೇ ಅಲ್ಲ, ಕೈಯಲ್ಲಿ ಅಷ್ಟು ಇಲ್ಲದಿರಬಹುದು. ಬಂದವರ ಹತ್ತಿರ ಸಾಲವೋ ಸ್ವಂತದ್ದೋ ಅಂತ ಮರ್ಯಾದೆಯಿಂದ ಕೇಳಿ. ಸಾಲ ಅಂದರೆ ದಾಖಲೆಗಳ ಜೆರಾಕ್ಸ್ ಅವತ್ತೇ ಕೊಟ್ಟು ಬ್ಯಾಂಕಿನವರಿಗೆ ತೋರಿಸಿ ಅನ್ನಿ.

ಇನ್ನು ನಿಮ್ಮ ಮನೆ ಎಷ್ಟು ಜನ ಏಜೆಂಟರ ಹತ್ತಿರ ಇದೆ?

ಸಂಪಿಗೆಮರ:
ಐದು ಜನ. ಯಾರು ಕೇಳಿದರೂ ಕೊಟ್ಟಿದ್ದೇನೆ.

ಮಧ್ಯವರ್ತಿ22:
ನಾನು ಅದನ್ನೇ ಅಂದುಕೊಂಡೆ. ಐದೂ ಜನ ಐದು ಬೆಲೆ ಹಾಕಿರುತ್ತಾರೆ. ಒಂದೇ ಗೇಟಿನ ಫೋಟೋ ಐದು ಕಡೆ ಕಂಡರೆ ಕೊಳ್ಳುವವರು ಎಲ್ಲಕ್ಕಿಂತ ಕಡಿಮೆ ಬೆಲೆಯನ್ನು ಹಿಡಿದುಕೊಂಡು ಅದರಿಂದ ಕೆಳಗೆ ಚೌಕಾಸಿ ಶುರು ಮಾಡುತ್ತಾರೆ. ಎಂಟು ತಿಂಗಳಿಂದ ಹೋಗಿಲ್ಲ ಅಂದರೆ ಏನೋ ಐಬು ಇದೆ ಅಂತಲೂ ಅನ್ನಿಸುತ್ತದೆ. ಎಲ್ಲ ತೆಗೆಸಿ. ಖಾತೆ ಆಗುವ ತನಕ ಯಾರಿಗೂ ತೋರಿಸಬೇಡಿ. ಆಮೇಲೆ ಒಬ್ಬರಿಗೆ ಮೂರು ತಿಂಗಳು ಕೊಡಿ. ಕಮಿಷನ್ ಎಷ್ಟು, ಯಾವಾಗ ಅನ್ನುವುದನ್ನು ಬರವಣಿಗೆಯಲ್ಲಿ ಮಾಡಿಕೊಳ್ಳಿ.

ಹುಬ್ಬಳ್ಳಿಮಂದಿ:
ದಕ್ಷಿಣದ ಬಾಗಿಲು ಅಂದಿರಿ. ನಮ್ಮ ಕಡೆ ಅದೇ ದೊಡ್ಡ ಅಡ್ಡಿ ಆಗುತ್ತದೆ. ಪೂರ್ವಕ್ಕೆ ಒಂದು ಬಾಗಿಲು ಒಡೆಸಿ ಅದನ್ನೇ ಮುಂಬಾಗಿಲು ಮಾಡಿದರೆ ಆಗುವುದಿಲ್ಲವಾ? ನಮ್ಮ ಚಿಕ್ಕಪ್ಪ ಹಾಗೆ ಮಾಡಿಸಿದ್ದರು.

ಹೆಂಚಿನಮನೆ:
ಬೇಡ ಅಂತ ನನ್ನ ಅಭಿಪ್ರಾಯ. ನೀವು ಒಬ್ಬರ ಮಾತು ಕೇಳಿ ಒಡೆಸುತ್ತೀರಿ, ಕೊಳ್ಳುವವರು ತಮ್ಮ ವಾಸ್ತುವಿನವರನ್ನು ಕರೆತರುತ್ತಾರೆ, ಅವರು ಇದೇ ತಪ್ಪು ಅನ್ನುತ್ತಾರೆ. ನಂಬಿಕೆ ಇರುವವರ ಮನಸ್ಸನ್ನು ನಾವು ಬದಲಾಯಿಸಲು ಹೋಗಬಾರದು. ಜಾಹೀರಾತಿನ ಮೊದಲ ಸಾಲಿನಲ್ಲೇ ದಕ್ಷಿಣದ ಬಾಗಿಲು ಅಂತ ಹಾಕಿ. ಬೇಡದವರು ಬರುವುದೇ ಇಲ್ಲ. ಮೂವತ್ತು ಜನ ಬಂದು ಹೋಗುವುದಕ್ಕಿಂತ ಎಂಟು ಜನ ಬಂದರೂ ತಿಳಿದು ಬರುತ್ತಾರೆ.

ಹುಡುಕಾಟ:
ಇದು ನಿಜ. ಜಾಹೀರಾತಿನಲ್ಲಿ ನನಗೆ ಬೇಕಾಗಿದ್ದ ಮಾಹಿತಿ ಎಂದೂ ಇರುತ್ತಿರಲಿಲ್ಲ. "ಸುಂದರವಾದ ಮನೆ, ಪ್ರಶಾಂತ ವಾತಾವರಣ" ಅಂತ ಹಾಕಿರುತ್ತಾರೆ. ಅಳತೆ, ದಿಕ್ಕು, ರಸ್ತೆ ಎಷ್ಟು ಅಡಿ, ಕಟ್ಟಿದ ವರ್ಷ, ಇ-ಖಾತೆ ಯಾರ ಹೆಸರಲ್ಲಿದೆ, ಕುಡಿಯುವ ನೀರು ವಾರಕ್ಕೆ ಎಷ್ಟು ದಿನ, ಸಂಪು ಎಷ್ಟು ಲೀಟರ್, ಬೋರ್ ಇದೆಯಾ, ಮೇಲೆ ಬಾಡಿಗೆದಾರರು ಇದ್ದಾರಾ, ಬಸ್ ಸ್ಟಾಪಿಗೆ ನಡೆದರೆ ಎಷ್ಟು ನಿಮಿಷ, ಬೆಲೆ ಎಷ್ಟು. ಇಷ್ಟು ಹಾಕಿ. ಫೋಟೋ ಬೆಳಿಗ್ಗೆ ತೆಗೆಯಿರಿ, ಕಿಟಕಿ ಎಲ್ಲ ತೆರೆದು, ಫೋನ್ ಅಡ್ಡ ಹಿಡಿದು. ಗೇಟಿನ ಮುಂದಿನ ರಸ್ತೆಯ ಫೋಟೋ ಒಂದು ಇರಲಿ.

ಮತ್ತೆ ಮುಚ್ಚಿದ ಮನೆಯ ವಾಸನೆ. ಇದನ್ನು ಹೇಳಲೇಬೇಕು. ಎಷ್ಟೋ ಮನೆಗೆ ಕಾಲಿಟ್ಟ ಕೂಡಲೇ ಮುಗ್ಗಲು ವಾಸನೆ, ಬಚ್ಚಲಿನಿಂದ ಮೋರಿ ವಾಸನೆ.

ಬಣ್ಣದಕೆಲಸ:
ಮೋರಿ ವಾಸನೆಗೆ ಕಾರಣ ಸುಲಭ. ಬಚ್ಚಲ ಜಾಲರಿ ಕೆಳಗೆ ಟ್ರ್ಯಾಪ್‌ನಲ್ಲಿ ಸದಾ ಸ್ವಲ್ಪ ನೀರು ನಿಂತಿರುತ್ತದೆ, ಅದೇ ಕೆಳಗಿನ ಗಾಳಿಯನ್ನು ತಡೆಯುವುದು. ಮನೆ ಮುಚ್ಚಿಟ್ಟರೆ ಆ ನೀರು ಆರಿಹೋಗುತ್ತದೆ. ಆಗ ವಾಸನೆಯೂ ಬರುತ್ತದೆ, ಜಿರಳೆಯೂ ಬರುತ್ತದೆ. ಮೇಲಿನ ಬಾಡಿಗೆಯವರಿಗೆ ಕೀ ಕೊಟ್ಟು ವಾರಕ್ಕೊಮ್ಮೆ ಪ್ರತಿ ಬಚ್ಚಲಿಗೂ ಎರಡು ಚೊಂಬು ನೀರು ಹಾಕಿ, ಕಮೋಡ್ ಫ್ಲಶ್ ಮಾಡಿ, ಕಿಟಕಿಗಳನ್ನು ಒಂದು ಗಂಟೆ ತೆರೆದಿಡಲು ಹೇಳಿ. ಖರ್ಚಿಲ್ಲದ ಕೆಲಸ. ಮಳೆಯಲ್ಲಿ ಊದಿಕೊಂಡು ಬಿಗಿಯಾದ ಬಾಗಿಲುಗಳನ್ನು ಬಡಗಿ ಕರೆಸಿ ಸ್ವಲ್ಪ ಉಜ್ಜಿಸಿ. ಚೌಕಟ್ಟಿನ ಕೆಳತುದಿಗೆ ಬೆರಳಲ್ಲಿ ತಟ್ಟಿ ನೋಡಿ, ಟೊಳ್ಳು ಸದ್ದು ಬಂದರೆ ಗೆದ್ದಲು.

ಸಂಪಿಗೆಮರ:
ಎರಡೂವರೆ ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಐದೂ ಜಾಹೀರಾತು ತೆಗೆಸಿದೆ. ವಂಶವೃಕ್ಷ ಬಂತು. ಖಾತೆ ನಾಲ್ವರ ಹೆಸರಿಗೆ ಆಗಿದೆ, ಇ-ಖಾತೆಯೂ ಕೈಗೆ ಬಂತು. ಅದಕ್ಕೆ ಕಚೇರಿಗೆ ಆರು ಸಲ ಅಲೆದೆ, ಅಪ್ಪನ ಹೆಸರಿನ ಇನಿಷಿಯಲ್ ಒಂದು ಕಾಗದದಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಇದ್ದದ್ದೇ ಕಾರಣ. ಅಫಿಡವಿಟ್ ಕೊಡಬೇಕಾಯಿತು. ನಿಮ್ಮ ಮನೆಗಳಲ್ಲಿ ಹಿರಿಯರು ಇದ್ದರೆ ಈಗಲೇ ಇದನ್ನು ನೋಡಿಕೊಳ್ಳಿ. ಅಪ್ಪ ಹಳೇ ಸಾಲ ತೀರಿಸಿದ್ದಕ್ಕೆ ಪತ್ರ ಅವರ ಪಿಂಚಣಿ ಫೈಲಿನಲ್ಲೇ ಸಿಕ್ಕಿತು.

ತಾರಸಿ ಮೇಲೆ ನೀರು ನಿಲ್ಲಿಸಿ ನೋಡಿದೆವು. ಪೈಪಿನ ಬಾಯಿಯಿಂದ ಬಕೆಟ್ ತುಂಬಾ ಕೊಳೆತ ಸಂಪಿಗೆ ಎಲೆ ಬಂತು. ದೇವರ ಮನೆಯ ಮೂಲೆ ಒಂದು ಕಡೆ ಮಾತ್ರ ತೇವ ಕಂಡಿತು, ಅದನ್ನು ಸರಿಪಡಿಸಲು 22 ಸಾವಿರ ಆಯಿತು. ಮುಂದಿನ ಮುಖ, ಕಾಂಪೌಂಡು, ಗೇಟಿಗೆ ಬಣ್ಣ, ಬಡಗಿ ಕೆಲಸ, ಸಂಪು ತೊಳೆಸಿದ್ದು ಎಲ್ಲ ಸೇರಿ ಒಟ್ಟು 1 ಲಕ್ಷದ 10 ಸಾವಿರದಲ್ಲಿ ಮುಗಿಯಿತು.

ಸಾಮಾನು ಖಾಲಿ ಮಾಡುವುದೇ ಕಷ್ಟ ಆಗಿದ್ದು. ಅಮ್ಮ ಬಂದು ನಾಲ್ಕು ದಿನ ಇದ್ದರು. ಅಟ್ಟದ ಮೇಲೆ ಹಿತ್ತಾಳೆ ಹಂಡೆ, ಮದುವೆಗಳಲ್ಲಿ ಬಂದ ಸ್ಟೀಲ್ ಪಾತ್ರೆಗಳು, ಅಪ್ಪ ಕಟ್ಟಿಟ್ಟ ಕರೆಂಟ್ ಬಿಲ್ಲುಗಳು, ಪ್ರತಿ ವರ್ಷಕ್ಕೂ ಒಂದು ಕಟ್ಟು, ಮೇಲೆ ನೀಲಿ ಇಂಕಿನಲ್ಲಿ ವರ್ಷ ಬರೆದಿದ್ದಾರೆ. ಅಮ್ಮ ಒಂದೊಂದನ್ನೂ ತೆಗೆದು ಒರೆಸಿ ಪಕ್ಕಕ್ಕೆ ಇಡುತ್ತಿದ್ದರು. ನಾನು ಅವಸರ ಮಾಡಲಿಲ್ಲ. ಮೂರನೇ ದಿನ ಅವರೇ "ಇದೆಲ್ಲ ಯಾರಿಗೆ ಬೇಕು, ಕೊಟ್ಬಿಡು" ಅಂದರು. ನೆಲಕ್ಕೆ ಎಣ್ಣೆ ಉಜ್ಜಿದ್ದು ಅಮ್ಮನ ಮೇಲ್ವಿಚಾರಣೆಯಲ್ಲೇ. ಬೆಳಿಗ್ಗೆ ಏಳು ಗಂಟೆಗೆ ಪೂರ್ವದ ಕಿಟಕಿಯಿಂದ ಬಿಸಿಲು ಬಿದ್ದಾಗ ಹಾಲ್ ನೆಲದಲ್ಲಿ ಕಿಟಕಿ ಸರಳುಗಳು ಹಾಗೇ ಕಾಣುತ್ತಿದ್ದವು. ಆ ಫೋಟೋವನ್ನೇ ಮೊದಲು ಹಾಕಿದ್ದೇನೆ.

ಹುಡುಕಾಟ:
ಓದಿ ತುಂಬಾ ಖುಷಿಯಾಯಿತು. ಒಂದು ಸಲಹೆ, ಅಕ್ಕ. ಜನ ನೋಡಲು ಬಂದಾಗ ಅಮ್ಮ ಅಲ್ಲಿದ್ದರೆ ಅವರಿಗೂ ನೋವು, ಬಂದವರಿಗೂ ಸಂಕೋಚ ಆಗಬಹುದು. ನೀವೂ ಹಿಂದೆ ಹಿಂದೆ ಹೋಗಬೇಡಿ. ಬಾಗಿಲು ತೆರೆದು ಕೊಟ್ಟು ಅಂಗಳದಲ್ಲಿ ಕೂತಿರಿ. ಗಂಡ ಹೆಂಡತಿ ಅಡುಗೆಮನೆಯಲ್ಲಿ ನಿಂತು ಫ್ರಿಜ್ ಎಲ್ಲಿ ಇಡೋಣ ಅಂತ ಅವರಷ್ಟಕ್ಕೆ ಮಾತಾಡಲು ಜಾಗ ಬೇಕು.

ಸಂಪಿಗೆಮರ:
ಮನೆ ಹೋಯಿತು. ಅಕ್ಷಯ ತೃತೀಯ ಕಳೆದ ವಾರ ನೋಂದಣಿ ಆಯಿತು. ಹೊಸ ಜಾಹೀರಾತು ಹಾಕಿದ ಮೇಲೆ ಒಟ್ಟು ಒಂಬತ್ತು ಜನ ಬಂದರು. ಮೂವರು ಒಡೆದು ಕಟ್ಟುವವರು, ಅವರಲ್ಲಿ ಒಬ್ಬರು ಅರ್ಧ ದುಡ್ಡು ನಗದು ಕೊಡುತ್ತೇನೆ, ಪತ್ರದಲ್ಲಿ ಕಡಿಮೆ ತೋರಿಸಿ ಅಂದರು. ತಮ್ಮ ಮೊದಲೇ ಓದಿಕೊಂಡಿದ್ದ. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಮುಟ್ಟುವ ನಗದು ತಗೊಂಡರೆ ಅಷ್ಟೇ ದಂಡ ಬೀಳಬಹುದು ಅಂತ. ಕೈ ಮುಗಿದು ಕಳಿಸಿದೆವು.

ಕೊಂಡವರು ಮುಂಬೈಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ರಿಟೈರ್ ಆದ ದಂಪತಿ, ಮೂಲ ಪಾಂಡವಪುರದ ಕಡೆಯವರು. ನಮ್ಮ ಎದುರು ಮನೆಯವರ ನೆಂಟರು. ಎಂಟು ತಿಂಗಳು ಜಾಹೀರಾತು ಹಾಕಿದ್ದೆವು, ಎದುರು ಮನೆಗೆ ಹೋಗಿ ಒಂದು ಮಾತು ಹೇಳಿರಲಿಲ್ಲ! ಹೊಸ ಬಣ್ಣ ನೋಡಿ ಎದುರು ಮನೆಯವರೇ ಕೇಳಿದ್ದು. ಕೊಂಡವರಿಗೆ ದಕ್ಷಿಣದ ಬಾಗಿಲು ಅಂದರೆ, ನಮ್ಮೂರಿನ ಮನೆಯೂ ಹಾಗೇ ಇತ್ತು ಅಂದರು. ನಾನು ದಾಖಲೆಗಳ ಫೈಲನ್ನೇ ಮೊದಲು ಕೈಗೆ ಕೊಟ್ಟೆ. ಅದರ ಮೇಲೆ ಒಂದು ಹಾಳೆಯಲ್ಲಿ ಇರುವ ತೊಂದರೆಗಳನ್ನೂ ಬರೆದಿದ್ದೆ. ಮೇಲಿನ ಪೋರ್ಷನ್ನಿಗೆ ನಕ್ಷೆ ಇಲ್ಲ, ದೇವರ ಮನೆ ಮೂಲೆ ಸರಿಪಡಿಸಿದ್ದು ಇಂಥ ತಿಂಗಳು, ತಮ್ಮನ ಪಾಲಿನ ಟಿಡಿಎಸ್ ಹೀಗೆ, ಬಾಡಿಗೆಯವರು ಜೂನ್‌ಗೆ ಬಿಡುತ್ತಾರೆ. ಅವರು ಅದನ್ನು ಎರಡು ಸಲ ಓದಿದರು. ವಕೀಲರಿಗೆ ತೋರಿಸಿ ಮೂರನೇ ವಾರಕ್ಕೆ ಕ್ರಯದ ಕರಾರು ಮಾಡಿಕೊಂಡರು. ನಾವು ಮೊದಲು ಹೇಳುತ್ತಿದ್ದ ಬೆಲೆಗಿಂತ ಸ್ವಲ್ಪ ಕಡಿಮೆ, ಐದು ಜನ ಏಜೆಂಟರು ಹಾಕಿದ್ದರಲ್ಲಿ ಕಡಿಮೆಯದ್ದಕ್ಕಿಂತ ಜಾಸ್ತಿ.

ಡೆಟ್ರಾಯ್ಟ್‌ಕನ್ನಡಿಗ:
ಬಹಳ ಸಂತೋಷ! ಬಂದ ಲಾಭದ ತೆರಿಗೆ ಮರೆಯಬೇಡಿ. 2024ರ ಜುಲೈ 23ಕ್ಕೆ ಮೊದಲಿನ ಆಸ್ತಿ ಆದ್ದರಿಂದ ಊರಲ್ಲಿರುವ ಮೂವರಿಗೂ ಎರಡು ದಾರಿ ಇದೆ. ಹಳೇ ಬೆಲೆಗೆ ಹಣದುಬ್ಬರ ಸೇರಿಸದೆ ಲಾಭದ ಮೇಲೆ 12.5 ಪರ್ಸೆಂಟ್, ಸೇರಿಸಿ 20. ಯಾವುದು ಕಡಿಮೆ ಅಂತ ಸಿ.ಎ. ಹತ್ತಿರ ಎರಡೂ ಹಾಕಿಸಿ. ತಮ್ಮನಿಗೆ 12.5 ಒಂದೇ. ಈ ತೆರಿಗೆ ಉಳಿಸುವ ಬಾಂಡಿನಲ್ಲಿ (ಸಾಲಪತ್ರ) ಹಾಕುವುದಿದ್ದರೆ ನೋಂದಣಿ ದಿನದಿಂದ ಆರು ತಿಂಗಳೊಳಗೆ, ಒಬ್ಬರಿಗೆ 50 ಲಕ್ಷದ ತನಕ.

ಬಣ್ಣದಕೆಲಸ:
ಮೇಡಂ, ಅವರು ನೆಲ ಹಾಗೇ ಇಟ್ಟುಕೊಳ್ಳುತ್ತಾರಾ?

ಸಂಪಿಗೆಮರ:
ಹೌದು, ಹಾಗೇ ಇರಲಿ ಅಂದಿದ್ದಾರೆ. ಕೀ ಕೊಡುವ ದಿನ ಅಮ್ಮ ಬರುತ್ತೇನೆ ಅಂತ ಹಠ ಮಾಡಿದರು, ಕರೆದುಕೊಂಡು ಹೋದೆ. ಅಮ್ಮ ಕೊಂಡವರ ಮನೆಯ ಹೆಂಗಸನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಸಂಪಿನ ವಾಲ್ವ್ ಯಾವ ಕಡೆ ತಿರುಗಿಸಬೇಕು, ನೀರು ಬರುವ ದಿನ ಎಷ್ಟು ಹೊತ್ತಿಗೆ ಏಳಬೇಕು, ಅಡುಗೆಮನೆ ಹಿಂದಿನ ಬಾಗಿಲ ಮೇಲಿನ ಚಿಲಕ ಮಳೆಗಾಲದಲ್ಲಿ ಹೇಗೆ ಎತ್ತಿ ಹಾಕಬೇಕು ಅಂತ ಒಂದೊಂದಾಗಿ ತೋರಿಸಿದರು. ಅರ್ಧ ಗಂಟೆ ಆಯಿತು. ಆಮೇಲೆ ಇಬ್ಬರೂ ಸಂಪಿಗೆ ಮರದ ಕೆಳಗೆ ಹೂವು ಆರಿಸುತ್ತಾ ನಿಂತಿದ್ದರು. ಮರ ಕಡಿಸುವುದಿಲ್ಲವಂತೆ. ತಾರಸಿ ಪೈಪಿನ ಬಾಯಿಗೆ ಜಾಲರಿ ಹಾಕಿಸುತ್ತಾರಂತೆ.